ಕರಿಸಿದ್ದಪ್ಪನ ಮೀಸೆ

ಕೊಡತಿಯ ಪೆಟ್ಟು ಮೆತ್ತಗೆ ಬಿದ್ದರೆ ಹುಣಸೆಬೀಜ ಜಾರಿ ಬರುವುದಿಲ್ಲ. ಜೋರಾಗಿ ಬಿದ್ದರೆ ಬೀಜವೇ ಒಡೆದು ಹಣ್ಣಿಗೆ ಹತ್ತಿಕೊಳ್ಳುತ್ತದೆ. ಭ್ರಮರಾಂಬಳ ಕೈಗೆ ಆ ಹದ ಗೊತ್ತಿತ್ತು. ಕೈ ತನ್ನ ಪಾಡಿಗೆ ಬೀಜ ಬಿಡಿಸುತ್ತಿತ್ತು, ಬಾಯಿ ತನ್ನ ಪಾಡಿಗೆ ದೆವ್ವದ ಹಿಂದೆ ಹೋಗಿತ್ತು.

"ಬಾವಿಕಟ್ಟೆ ಮೇಲೆ ಖಾಲಿ ಕೊಡ ಇಟ್ಟು, ಹಗ್ಗ ತರಕ್ಕೆ ಆ ಕಡೆ ತಿರುಗ್ತಾಳೆ. ಈ ಕಡೆ ತಿರುಗೋ ಅಷ್ಟ್ರಲ್ಲಿ ಕೊಡ ತುಂಬೈತೆ. ಹಗ್ಗ ನೋಡ್ತಾಳೆ, ಒಣಗಿದ್ದಂಗೇ ಐತೆ."

ಅಂಗಳದಲ್ಲಿ ಸಾಲಾಗಿ ಕೂತಿದ್ದ ಹೆಂಗಸರ ಕೊಡತಿಗಳು ಗಕ್ಕನೆ ನಿಂತವು.

"ತರ್ವಾತ ಏಮಮ್ಮಾ?" ಮುತ್ಯಾಲಮ್ಮ ಬಾಯಿ ತೆರೆದುಕೊಂಡೇ ಕೇಳಿದಳು. "ಆಮೇಲೇನಾಯ್ತು ಬೇಗ ಹೇಳಮ್ಮಾ, ಎದೆ ಹೊಡ್ಕಂತೈತೆ!"

ಭ್ರಮರಾಂಬ ಒಳಗೊಳಗೇ ನಕ್ಕಳು. ಈ ಸಾಲು ಉಳಿಯಿತು.

ಅವಳು ಕಥೆ ಕಟ್ಟುತ್ತಿದ್ದುದೇ ಹೀಗೆ. ಮೊದಲು ಹುಣಸೆಹಣ್ಣಿನ ಮುಂದೆ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಹೇಳುವುದು. ಎಲ್ಲಿ ಕೊಡತಿಗಳು ನಿಂತವೋ ಆ ಮಾತು ಕಾಗದಕ್ಕೆ. ಎಲ್ಲಿ ಅವು ಟಕ್ ಟಕ್ ಎಂದು ನಡೆಯುತ್ತಲೇ ಇದ್ದು, ಯಾರೋ ಒಬ್ಬಳು ಮನೆಯ ಸಾರಿನ ಸುದ್ದಿ ತೆಗೆದಳೋ ಆ ಮಾತು ಸಿಪ್ಪೆಯ ಜೊತೆ ತಿಪ್ಪೆಗೆ. ಮಧ್ಯಾಹ್ನ ಉಂಡು ಮನೆಮಂದಿಯೆಲ್ಲ ಅಡ್ಡಾದಾಗ, ಅವಳು ಅಣ್ಣನ ಹುಣಸೆ ಮಂಡಿಯ ಹಳೆಯ ಕಾಗದಗಳ ಹಿಂಬದಿಯಲ್ಲಿ, ಸಣ್ಣ ಪೆನ್ಸಿಲಿನಲ್ಲಿ, ಉಳಿದ ಮಾತುಗಳನ್ನು ಕನ್ನಡದಲ್ಲಿ ಜೋಡಿಸುತ್ತಿದ್ದಳು. ಬೆಂಗಳೂರಿನ ವಾರಪತ್ರಿಕೆಯೊಂದು ಅವನ್ನು 'ಭ್ರಮರಾಂಬ, ಹಿಂದೂಪುರ' ಎಂದು ಹೆಸರು ಹಾಕಿ ಅಚ್ಚು ಮಾಡುತ್ತಿತ್ತು.

ಎಲ್ಲವೂ ಪ್ರೇಮದ ಕಥೆಗಳೇ. ಆದರೆ ಪ್ರೇಮಿಸುವ ಗಂಡು ಮಾತ್ರ ಯಾವಾಗಲೂ ಸತ್ತವನು.

"ನಿನ್ನ ದೆಸೆಯಿಂದ ಕೂಲಿ ಹೆಂಗಸ್ರು ಒಬ್ಬೊಬ್ರೇ ಹಿತ್ಲಿಗೆ ಹೋಗಲ್ಲ ಅಂತಾರೆ ಕಣೇ," ಅತ್ತಿಗೆ ದ್ರಾಕ್ಷಾಯಣಮ್ಮ ಅಡುಗೆಮನೆಯಿಂದಲೇ ಗದರಿದಳು. "ಒಬ್ಳಿಗೆ ಬಂದ್ರೆ ಸಾಲಾಗಿ ಎಲ್ರೂ ಎದ್ದು ಹೋಯ್ತಾರೆ. ಕೆಲಸ ಆದಂಗೇ!"

"ಅದು ಬಿಡಿ ದ್ರಾಕ್ಷಾಯಣಮ್ಮೋರೆ. ಆ ದೆವ್ವಕ್ಕೆ ಮುಖ ಬರೋದು ಯಾವಾಗ, ಅದನ್ನ ಕೇಳಿ."

ದನಿ ಬಂದದ್ದು ಮಂಡಿಯ ಕಡೆಯ ಬಾಗಿಲಿಂದ. ಭ್ರಮರಾಂಬಳ ಕೊಡತಿ ಈ ಸಲ ಬೆರಳಿಗೇ ಬಿತ್ತು.

ಕಲ್ಯಾಣದುರ್ಗದ ಸೋಮಶೇಖರಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಕಚ್ಚೆಪಂಚೆ, ಬಸ್ಸಿನ ಧೂಳು ಕೂತ ಕರಿ ಕೋಟು, ಕಂಕುಳಲ್ಲಿ ಸುರುಳಿ ಸುತ್ತಿದ ವಾರಪತ್ರಿಕೆ. ಊರಿನ ಕಡಲೆಕಾಯಿ ಇಲ್ಲಿ ಮಾರಿ, ಇಲ್ಲಿನ ಹುಣಸೆಹಣ್ಣು ಅಲ್ಲಿಗೆ ಒಯ್ಯುವ ವ್ಯಾಪಾರಿ. ಹೆಂಡತಿ ಚೆನ್ನವೀರಮ್ಮ ತೀರಿಕೊಂಡು ವರ್ಷಗಳಾಗಿದ್ದವು. ವ್ಯಾಪಾರ ಮುಗಿದ ಮೇಲೂ ಒಂದು ಲೋಟ ಮಜ್ಜಿಗೆಯ ನೆಪದಲ್ಲಿ ಅಂಗಳಕ್ಕೆ ಇಣುಕುವುದು ಅವನ ರೂಢಿ.

"ನಮ್ಮ ದೆವ್ವಕ್ಕೆ ಮುಖ ಇಲ್ಲ ಅಂದೋರು ಯಾರು ಸಾವ್ಕಾರ್ರೇ?" ಬೆರಳು ಬಾಯಲ್ಲಿಟ್ಟುಕೊಂಡೇ ಅವಳು ಕೇಳಿದಳು.

"ಎಲ್ಲಾ ಕಥೆ ಓದಿವ್ನಿ ಭ್ರಮರಮ್ಮೋರೆ. ಒಂದ್ರಲ್ಲಿ ದೀಪಕ್ಕೆ ಬೆನ್ನು ಮಾಡ್ಕಂಡು ನಿಂತಿರ್ತಾನೆ. ಇನ್ನೊಂದ್ರಲ್ಲಿ ಕಂಬದ ಮರೆ. ಮತ್ತೊಂದ್ರಲ್ಲಿ ಕಂಬಳಿ ಮುಸುಕು. ಕೈ ಬರೀತೀರಿ, ಕಾಲಿನ ಸಪ್ಪಳ ಬರೀತೀರಿ. ಮುಖ ಒಂದು ಬರೆಯಲ್ಲ. ಪಾಪ, ಮೂಗೋ ಬಾಯೋ ಏನಾರ ಕೊಡಿ ಅವನಿಗೆ."

ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಭ್ರಮರಾಂಬ ತಲೆ ಎತ್ತಿದಳು. ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿ, ತಪ್ಪಿಸಿಕೊಳ್ಳುವ ದಾರಿ ಗೊತ್ತಾಗದೆ, ಅವಳ ಬೆರಳಿನ ಮೇಲೆ ಹೋಗಿ ಕೂತಿತು. ಬೆರಳಿನ ನೋವು ಸಿಹಿಯಾದಂತಾಯಿತು.

"ನೋಯ್ತಾ?" ಮೆಲ್ಲಗೆ ಕೇಳಿದ.

"ದೆವ್ವ ಸಾಕಿದೋಳಿಗೆ ಇದೆಲ್ಲ ಎಷ್ಟರದು."

"ಮತ್ತೆ, ನನ್ನ ಕಾಗದಕ್ಕೆ ಉತ್ತರ?"

"ಬರೀತಾ ಇದೀನಿ."

"ಕಥೆಗಿಂತ ಉದ್ದ ಆಯ್ತಲ್ಲ!"

ತನ್ನನ್ನು ಮದುವೆಯಾಗುವಿರಾ ಎಂದು ಅವನು ಕಾಗದ ಬರೆದದ್ದು ಸಂಕ್ರಾಂತಿಯ ಹೊತ್ತಿಗೆ. ಈಗ ಹುಣಸೆಯ ಸುಗ್ಗಿಯೇ ಮುಗಿಯುತ್ತ ಬಂದಿತ್ತು. ಗಂಡ ಸತ್ತವಳಿಗೆ ಮತ್ತೆ ತಾಳಿ ಕಟ್ಟುವ ಕೂಡಿಕೆಗೆ ಅವರ ಕುಲದಲ್ಲಿ ಅಡ್ಡಿಯಿರಲಿಲ್ಲ. ಅಣ್ಣ, 'ಅವಳು ಹೂಂ ಅಂದರೆ ನಂದೂ ಹೂಂ' ಎಂದುಬಿಟ್ಟಿದ್ದ. ಅವಳು ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಬರೆಯಲು ಕೂತಾಗಲೆಲ್ಲ 'ಕ್ಷೇಮ' ಎಂಬಲ್ಲಿಗೇ ಪೆನ್ಸಿಲು ನಿಲ್ಲುತ್ತಿತ್ತು.

ಅವನ ಮೇಲೆ ಮನಸ್ಸಿಲ್ಲ ಎಂದಲ್ಲ. ಕಲ್ಯಾಣದುರ್ಗದ ಬಸ್ಸಿನ ಹಾರನ್ನು ಉಳಿದ ಬಸ್ಸುಗಳದ್ದಕ್ಕಿಂತ ಬೇರೆ ಎಂದು ಅವಳ ಕಿವಿ ಎಂದೋ ಕಲಿತುಬಿಟ್ಟಿತ್ತು. ಅಡ್ಡ ನಿಂತದ್ದು ಬೇರೆ. ಎರಡನೆಯ ಹೆಂಡತಿಯಾಗಿ ಹೋಗುವವಳು ಸವತಿ ತಾಳಿ ಕಟ್ಟಿಕೊಳ್ಳಬೇಕು. ತೀರಿಹೋದ ಮೊದಲ ಹೆಂಡತಿಯ ಮುಖ ಕೆತ್ತಿದ ಸಣ್ಣ ಚಿನ್ನದ ಬಿಲ್ಲೆ ಅದು. ಹೊಸ ಸೀರೆ ಉಡುವ ಮುಂಚೆ ಅದರ ಮುಂದಿಟ್ಟು 'ಉಡ್ತೀನಿ ಅಕ್ಕಾ' ಎಂದು ಕೇಳಬೇಕು. ಭ್ರಮರಾಂಬಳಿಗೆ ಅದರಲ್ಲಿ ಭಯವೂ ಇರಲಿಲ್ಲ, ಬೇಸರವೂ ಇರಲಿಲ್ಲ. ಚೆನ್ನವೀರಮ್ಮ ಮನೆಯ ಹೊರಗೆ ಯಾಕೆ ನಿಲ್ಲಬೇಕು, ಕೊರಳಲ್ಲೇ ಇರಲಿ.

ಆದರೆ ಕರಿಸಿದ್ದಪ್ಪ? ಅವನನ್ನು ಯಾರು ಒಳಗೆ ಕರೆಯುತ್ತಾರೆ?

ಪರಿಗಿಯ ಕರಿಸಿದ್ದಪ್ಪ ಅವಳ ಗಂಡ. ಪ್ಲೇಗು ಬಂದ ವರ್ಷ ಹೋಗಿದ್ದ.

ಆ ದಿನ ಮಜ್ಜಿಗೆ ಕೊಡುವ ನೆಪದಲ್ಲಿ ಅವಳೇ ಮಂಡಿಯ ಬಾಗಿಲಿಗೆ ಹೋದಳು. ಲೋಟ ಕೊಟ್ಟಳು. ಕೊಟ್ಟ ಕೈ ಹಿಂದಕ್ಕೆ ಬರುವ ಮೊದಲೇ ಹೇಳಿಬಿಟ್ಟಳು.

"ಚೆನ್ನವೀರಮ್ಮೋರ್ನ ನಾನು ಕೊರಳಿಗೆ ಕಟ್ಕಂತೀನಿ. ನಮ್ಮೋರ್ನ ನೀವು ಕಟ್ಕಂತೀರಾ?"

ಸೋಮಶೇಖರಪ್ಪ ಮೊದಲು ನಕ್ಕ. ತಮಾಷೆ ಎಂದುಕೊಂಡಿದ್ದ. ಅವಳ ಮುಖ ನೋಡಿ ನಗು ನಿಲ್ಲಿಸಿದ. ಮಜ್ಜಿಗೆ ಕುಡಿಯುವುದನ್ನೂ ನಿಲ್ಲಿಸಿದ.

"ಗಂಡಸ್ರು ಅಂಗೆ ಕಟ್ಕಳೋ ಪದ್ಧತಿ..."

"ಇಲ್ಲ. ಗೊತ್ತು. ಅದ್ಕೇ ಕೇಳಿದ್ದು."

ಅವನು ಲೋಟ ಕೆಳಗಿಟ್ಟು, ಮೂಟೆಗಳ ಹಿಂದೆ ಗಾಡಿ ಹತ್ತಿ ಹೊರಟುಹೋದ. ಹೋಗುವಾಗ 'ಬತ್ತೀನಿ' ಎಂದನೋ ಇಲ್ಲವೋ ಅವಳಿಗೆ ಕೇಳಿಸಲಿಲ್ಲ.

ದ್ರಾಕ್ಷಾಯಣಮ್ಮ ಹಣೆ ಹಣೆ ಚಚ್ಚಿಕೊಂಡಳು. "ಗಂಡಸಿನ ಕೊರಳಿಗೆ ಇನ್ನೊಬ್ಬ ಗಂಡಸಿನ ಮುಖವಾ? ಮದ್ರಾಸ್ ಸರ್ಕಾರದಲ್ಲೂ ಇಲ್ಲ, ನಾಳೆ ಆಂಧ್ರ ಸರ್ಕಾರ ಬಂದ್ರೂ ಇರಲ್ಲ! ಇನ್ನು ಆ ಮನುಷ್ಯ ಈ ಬಾಗಿಲಿಗೆ ಬಂದಂಗೇ ಬಿಡು. ಸುಮ್ನೆ ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಅವ್ರು ಬರದಿದ್ರೆ ಬರದಿರ್ಲಿ ಅತ್ತಿಗೆ. ಕೇಳಿದ್ದು ಮಾತ್ರ ಹಿಂದಕ್ಕೆ ತಗಳ್ಳಲ್ಲ."

ಹಾಗೆಂದವಳು ಆಮೇಲೆ ಬಂದ ಪ್ರತಿ ಸಂತೆಯ ದಿನವೂ ಹಾರನ್ನಿಗೆ ಕಿವಿ ಕೊಟ್ಟು ಕೂತಳು. ಕಥೆ ಬಾವಿಕಟ್ಟೆಯ ಬಳಿಯೇ ನಿಂತುಬಿಟ್ಟಿತು. ಕೊಡ ತುಂಬಿಸಿದವನು ಯಾರು ಎಂದು ಮುತ್ಯಾಲಮ್ಮ ದಿನವೂ ಕೇಳಿದಳು. ಭ್ರಮರಾಂಬ ಒಂದು ದಿನ ಅವನನ್ನು ಗಾಳಿ ಮಾಡಿದಳು, ಒಂದು ದಿನ ಹೊಗೆ ಮಾಡಿದಳು. ಕೊಡತಿಗಳು ಟಕ್ ಟಕ್ ಎಂದು ನಡೆಯುತ್ತಲೇ ಇದ್ದವು.

ಕೊನೆಗೊಂದು ದಿನ ಆ ಹಾರನ್ನು ಕೇಳಿಸಿತು.

ಸೋಮಶೇಖರಪ್ಪ ಮಂಡಿಯ ಬಾಗಿಲಲ್ಲಿ ನಿಂತು, ಒಳಗೆ ಅವಳ ಹೊರತು ಯಾರೂ ಇಲ್ಲದ್ದನ್ನು ನೋಡಿಕೊಂಡು, ಕೋಟಿನ ಮೇಲಿನ ಗುಂಡಿ ಬಿಚ್ಚಿದ. ಲಿಂಗದ ಶಿವದಾರದ ಪಕ್ಕದಲ್ಲಿ ಇನ್ನೊಂದು ಹೊಸ ಕರಿದಾರ. ಅದರಲ್ಲಿ ಏನೂ ಇರಲಿಲ್ಲ.

"ದಾರ ಕಟ್ಕಂಡ್ಬುಟ್ಟೆ," ಎಂದ. "ಬಿಲ್ಲೆ ಒಂದು ಬಾಕಿ. ಅಕ್ಕಸಾಲಿ ಮೊದ್ಲು ನನಗೆ ಬುದ್ಧಿ ಕೆಟ್ಟೈತೆ ಅಂದ. ನಮ್ಮೂರ ಮಠದ ಐಗಳು ಅದನ್ನೇ ಸಂಸ್ಕೃತದಲ್ಲಿ ಅಂದ್ರು. ಆಮೇಲೆ ಅಕ್ಕಸಾಲಿ ಒಪ್ಪಿ ಬೆಳ್ಳಿ ಕಾಸ್ದ. ಕಾಸಿ ಕೂತ್ಕಂಡು ಕೇಳಿದ, ಸ್ವಾಮೀ, ಇವ್ರಿಗೆ ಮೀಸೆ ಇತ್ತಾ ಇಲ್ವಾ?"

ಭ್ರಮರಾಂಬ ನಕ್ಕಳು. ಇಷ್ಟು ದಿನದ ಬಿಗಿಯೆಲ್ಲ ಆ ನಗುವಿನಲ್ಲಿ ಸಡಿಲವಾಯಿತು.

"ಮೀಸೆ..." ಎಂದು ಹೇಳಹೊರಟಳು.



ಮದುವೆಯಾದಾಗ ಅವಳು ಮಗು. ಮೈನೆರೆದು ಗಂಡನ ಮನೆಗೆ ಹೋಗುವ ಮೊದಲೇ ಅವನು ಹೋಗಿಬಿಟ್ಟಿದ್ದ. ಹಬ್ಬಕ್ಕೆಂದು ಪರಿಗಿಗೆ ಕರೆದುಕೊಂಡು ಹೋದಾಗಲೆಲ್ಲ 'ತಲೆ ಎತ್ತಬೇಡ' ಎಂದು ಅಮ್ಮ ಹೇಳಿದ್ದಳು. ಅವಳು ಎತ್ತಿರಲಿಲ್ಲ. ನೋಡಿದ್ದು ಜಗಲಿಯ ಮೇಲಿನ ಎರಡು ಪಾದ. ಕೇಳಿದ್ದು ಕಂಬದಾಚೆಯ ಕೆಮ್ಮು. ಕೊಟ್ಟಿಗೆಯ ಕಡೆ ನಡೆದುಹೋಗುತ್ತಿದ್ದ ಬೆನ್ನು.

ಇಷ್ಟು ವರ್ಷ ತಾನು ಬರೆದದ್ದು ಆ ಬೆನ್ನನ್ನೇ ಎಂದು ಅವಳಿಗೆ ಆ ಬಾಗಿಲಲ್ಲಿ ಹೊಳೆಯಿತು.

"ನಂಗೆ ಗೊತ್ತಿಲ್ಲ," ಎಂದಳು. ದನಿ ಅಷ್ಟು ಸಣ್ಣದಾಗಬಹುದೆಂದು ಅವಳಿಗೇ ತಿಳಿದಿರಲಿಲ್ಲ. "ನಾನು ಅವ್ರ ಮುಖ ನೋಡೇ ಇಲ್ಲ."

ಸೋಮಶೇಖರಪ್ಪ ಅಯ್ಯೋ ಎನ್ನಲಿಲ್ಲ. ಹಾಗಾದರೆ ಬಿಡಿ ಎಂದೂ ಹೇಳಲಿಲ್ಲ. ಗುಂಡಿ ಹಾಕಿಕೊಳ್ಳುತ್ತ, "ಗೊತ್ತಿರೋರು ಯಾರಾದ್ರೂ ಇದಾರಾ?" ಎಂದ.

"ಇದಾರೆ."

"ಕೇಳಕ್ಕಾಯ್ತದಾ?"

ಗಂಡ ಸತ್ತಾಗ ಅತ್ತೆ ಕರಿಬಸಮ್ಮ 'ಆ ಹುಡುಗಿಯ ಕಾಲ್ಗುಣ' ಎಂದು ಬೀದಿಯಲ್ಲಿ ನಿಂತು ಎದೆ ಬಡಿದುಕೊಂಡಿದ್ದಳು. ಅಂದಿನಿಂದ ಆ ಮನೆಗೂ ಈ ಮನೆಗೂ ಮಾತಿಲ್ಲ. ಈಗ ಹೋಗಿ ಕೇಳುವುದೂ ಏತಕ್ಕೆ? ಇನ್ನೊಬ್ಬನನ್ನು ಮದುವೆಯಾಗುವುದಕ್ಕೆ.

ಭ್ರಮರಾಂಬ ಸೆರಗು ಬಿಗಿದುಕೊಂಡಳು. "ಕೇಳ್ತೀನಿ," ಎಂದಳು.

ಬೆಳಗಿನ ಜಟಕಾದಲ್ಲಿ ಅವಳು ಪರಿಗಿಯಲ್ಲಿಳಿದಾಗ ಕರಿಬಸಮ್ಮ ಜಗಲಿಯ ಮೇಲೆ ಮೊರದಲ್ಲಿ ರಾಗಿ ಕೇರುತ್ತಿದ್ದಳು. ತಲೆ ಪೂರಾ ನೆರೆತಿತ್ತು.

"ಯಾರಮ್ಮ?"

"ನಾನು ಅತ್ತೆಮ್ಮ. ಹಿಂದೂಪುರದ ಭ್ರಮರಿ. ನಿಮ್ಮ ಸೊಸೆ."

ಮೊರ ನಿಂತಿತು. ಮುದುಕಿ ಅವಳನ್ನು ಕಾಲಿನಿಂದ ತಲೆಯವರೆಗೂ ನೋಡಿದಳು.

"ಈಗ್ಯಾಕೆ ಬಂದೆ? ಹೊಲದಲ್ಲಿ ಪಾಲು ಬೇಕಿತ್ತಾ?"

"ಇಲ್ಲ. ಅವ್ರಿಗೆ ಮೀಸೆ ಇತ್ತಾ ಅಂತ ಕೇಳಕ್ಕೆ ಬಂದೆ."

ಮುದುಕಿಗೆ ಕಿವಿ ಸರಿಯಿಲ್ಲವೇನೋ ಎಂದು ಅವಳು ಇನ್ನೊಮ್ಮೆ ಹೇಳಿದಳು. ಆಮೇಲೆ ಯಾವುದನ್ನೂ ಮುಚ್ಚಿಡಲಿಲ್ಲ. ಕಲ್ಯಾಣದುರ್ಗದವನ ವಿಷಯ, ಕೂಡಿಕೆಯ ವಿಷಯ, ಸವತಿ ತಾಳಿ, ತಾನು ಕೇಳಿದ್ದು, ಅವನು ಕಟ್ಟಿಕೊಂಡ ಖಾಲಿ ದಾರ, ಎಲ್ಲವನ್ನೂ ಬಿಸಿಲಲ್ಲಿ ನಿಂತೇ ಹೇಳಿದಳು. ಬೈದರೆ ಬೈಸಿಕೊಂಡು, ಮತ್ತೆ ಇದನ್ನೇ ಕೇಳುವುದೆಂದು ಗಟ್ಟಿ ಮಾಡಿಕೊಂಡೇ ಬಂದಿದ್ದಳು.

ಕರಿಬಸಮ್ಮ ಬೈಯಲಿಲ್ಲ. ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದುಕೊಂಡರೆ, ನಗು.

"ಎಲ್ಲಿ ಮೀಸೆ ಕಣಮ್ಮ! ಅಲ್ಲೊಂದು ಇಲ್ಲೊಂದು ಕೂದ್ಲು. ನೀನು ಹಬ್ಬಕ್ಕೆ ಬತ್ತೀಯ ಅಂದ್ರೆ ಸಾಕು, ನನ್ನ ಕಾಡಿಗೆ ಕದ್ದು ಮೀಸೆ ತಿದ್ಕಳ್ಳೋನು. ಕನ್ನಡಿ ಮುಂದೆ ನಿಂತು ಹಿಂಗೆ ಹುರಿ ಮಾಡೋನು. ಅವ್ನಪ್ಪ ಬೈದು ಬೈದು ಸೋತ್ರು."

ನಗುತ್ತಲೇ ಅವಳ ಕಣ್ಣು ತುಂಬಿತು.

"ನೀನು ತಲೆ ಎತ್ಲೇ ಇಲ್ಲ. ನೀನು ಗಾಡಿ ಹತ್ತಿ ಹೋದ್ಮೇಲೆ ನನ್ನ ಹತ್ರ ಬಂದು, 'ಅವ್ವಾ, ಅವ್ಳು ನೋಡ್ಲೇ ಇಲ್ಲ ಕಣವ್ವ' ಅನ್ನೋನು. ಮುಂದಿನ ಹಬ್ಬಕ್ಕೆ ನೋಡ್ತಾಳೆ ಬಿಡೋ ಅಂತಿದ್ದೆ."

ಭ್ರಮರಾಂಬ ಜಗಲಿಯ ಅಂಚಿನಲ್ಲಿ ಕೂತಳು. ಅತ್ತೆಯ ಕೈ, ರಾಗಿಯ ಧೂಳು ಮೆತ್ತಿದ ಕೈ, ಅವಳ ತಲೆಯ ಮೇಲೆ ಬಂತು. ಆಮೇಲೆ ಮುದುಕಿ ನೆನಪಿದ್ದಷ್ಟನ್ನೂ ಹೇಳಿದಳು. ಹಣೆ ಅಗಲ. ಮೂಗು ಅಪ್ಪನದು. ನಗುವಾಗ ಒಂದು ಕಣ್ಣು ಸಣ್ಣದಾಗಿಬಿಡುತ್ತಿತ್ತು.

ಅವಳು ಹೊರಡುವಾಗ ಮುದುಕಿ ಕೂಗಿ ಹೇಳಿದಳು: "ಆ ಅಕ್ಕಸಾಲಿಗೆ ಹೇಳು, ಮೀಸೆ ದಪ್ಪಗೇ ಕೆತ್ತಲಿ. ಸುಳ್ಳಾದ್ರೂ ಪರವಾಗಿಲ್ಲ, ಹುಡುಗ ಖುಷಿ ಪಡ್ತಾನೆ. ನನ್ನ ಮಗನ್ನ ಕೊರಳಿಗೆ ಕಟ್ಕಳ್ಳೋ ಆ ಪುಣ್ಯಾತ್ಮನ್ನೂ ಒಂದ್ಸಲ ಕರ್ಕಂಡು ಬಾ. ರೊಟ್ಟಿ ತಟ್ಟಿಕ್ತೀನಿ."

ಮರುದಿನ ಅಂಗಳದಲ್ಲಿ ಕಥೆ ಮುಂದೆ ಹೋಯಿತು. ಬಾವಿಯ ಆಚೆ ಬದಿಯಲ್ಲಿ ನಿಂತವನು ತಾನಾಗಿಯೇ ದೀಪವನ್ನು ತನ್ನ ಮುಖಕ್ಕೆ ಹಿಡಿದ. ಕಾಡಿಗೆಯ ಮೀಸೆ. ಒಂದು ತುದಿ ಬೆವರಿಗೆ ಕರಗಿ ಕೆನ್ನೆಗೆ ಇಳಿದಿತ್ತು. ಅವಳು ಈ ಸಲ ತಲೆ ಎತ್ತಿ ನೋಡಿದಳು. 'ಚೆನ್ನಾಗೈತೆ,' ಎಂದಳು. ಅವನು ಒಂದು ಕಣ್ಣು ಸಣ್ಣ ಮಾಡಿ ನಕ್ಕ. ಹೋಗಲಿಲ್ಲ. ಅಲ್ಲೇ ಕೂತ.

ಯಾರೂ ಹೆದರಿ ಕೂಗಲಿಲ್ಲ. ಕೊಡತಿಗಳು ಮಾತ್ರ ಬಹಳ ಹೊತ್ತು ಮೇಲೇಳಲಿಲ್ಲ. ಮುತ್ಯಾಲಮ್ಮ ಹುಣಸೆ ಅಂಟಿದ ಮುಂಗೈಯಿಂದ ಕಣ್ಣೊರೆಸಿಕೊಂಡು, ಕಣ್ಣು ಉರಿಸಿಕೊಂಡು, "ಚೂಡವೇ ಎಂತ ಮುದ್ದುಗುನ್ನಾಡೋ," ಎಂದಳು, ನೋಡೇ ಎಷ್ಟು ಮುದ್ದಾಗಿದಾನೋ ಎಂದು, ಪಕ್ಕದವಳಿಗೆ.

ಅಂದು ಮಧ್ಯಾಹ್ನ ಭ್ರಮರಾಂಬ ಕಥೆ ಬರೆಯಲಿಲ್ಲ. ಅಣ್ಣನ ಶಾಯಿ ಬುಡ್ಡಿ ತೆಗೆದುಕೊಂಡು, ಹಳೆಯ ಕಾಗದದ ಹಿಂಬದಿಯಲ್ಲದೆ ಹೊಸ ಹಾಳೆಯಲ್ಲಿ ಬರೆದಳು.

'ಕ್ಷೇಮ. ಮೀಸೆ ಇತ್ತು. ದಪ್ಪಗೆ ಕೆತ್ತಲಿ. ಹಣೆ ಅಗಲ, ನಗುವಾಗ ಎಡಗಣ್ಣೋ ಬಲಗಣ್ಣೋ ಒಂದು ಸಣ್ಣ. ಯಾವುದೆಂದು ಅತ್ತೆಮ್ಮನಿಗೂ ನೆನಪಿಲ್ಲ, ಅಕ್ಕಸಾಲಿಗೆ ಬಿಡಿ. ಚೆನ್ನವೀರಮ್ಮನವರು ಹೇಗಿದ್ದರು, ನಗುತ್ತಿದ್ದರೇ, ಯಾವುದಕ್ಕೆ ಸಿಟ್ಟಾಗುತ್ತಿದ್ದರು, ಎಲ್ಲ ಬರೆಯಿರಿ. ನೋಡದವರನ್ನು ಇನ್ನು ನಾನು ಪ್ರೀತಿಸಲಾರೆ. ಮದುವೆಯಾದ ಮೇಲೂ ಮಧ್ಯಾಹ್ನ ನಾನು ಬರೆಯುತ್ತೇನೆ. ಆ ಹೊತ್ತಿನಲ್ಲಿ ನೀವು ಮಜ್ಜಿಗೆ ಕೇಳಬಾರದು. ಇದಕ್ಕೆ ನೀವು ಹೂಂ ಎನ್ನುವುದಾದರೆ, ನಂದೂ ಹೂಂ.'

ಲಕೋಟೆಗೆ ಅಂಟು ಹಚ್ಚಿ, ಅಂಚೆಚೀಟಿ ಅಂಟಿಸಿ, ಚಪ್ಪಲಿ ಮೆಟ್ಟಿದಳು.

"ಈ ಉರಿಬಿಸಿಲಲ್ಲಿ ಎಲ್ಲಿಗೇ?" ನಿದ್ದೆಗಣ್ಣಲ್ಲಿ ಅತ್ತಿಗೆ ಕೇಳಿದಳು.

"ಟಪಾಲು ಕಟ್ಟೋ ಹೊತ್ತಾಯ್ತು ಅತ್ತಿಗೆ. ಬಂದೆ."

ಅಂಚೆ ಕಚೇರಿಯಲ್ಲಿ ಚೀಲದ ಬಾಯಿಗೆ ಆಗಲೇ ದಾರ ಸುತ್ತುತ್ತಿದ್ದರು. ಅವಳು ಕಿಟಕಿಯಲ್ಲಿ ಕೈ ತೂರಿಸಿ, "ಒಂದು ನಿಮಿಷ ಸ್ವಾಮಿ, ಇದೂ ಕಲ್ಯಾಣದುರ್ಗಕ್ಕೆ," ಎಂದಳು. ಗುಮಾಸ್ತ ಗೊಣಗುತ್ತ ದಾರ ಬಿಚ್ಚಿ ಕಾಗದ ತೆಗೆದುಕೊಂಡ. ಚೀಲ ಕಟ್ಟಿ, ಅರಗು ಒತ್ತಿ, ಬಸ್ಸಿನ ನೆತ್ತಿಯ ಮೇಲಕ್ಕೆ ಹೋಗುವವರೆಗೂ ಅವಳು ತಲೆ ಎತ್ತಿ ನೋಡುತ್ತ ನಿಂತಿದ್ದಳು.