ಕೈಗಳಿಗಾಗಿ ಒಂದು ಪ್ರಾರ್ಥನೆ

"ಕಣ್ಣು ತೆಗೀರಿ! ಮೊದಲು ಕಣ್ಣು ತೆಗೀರಿ!"

ಅವಳ ದನಿಗೆ ಒಳಗೆ ಓಡುತ್ತಿದ್ದ ಹೊಲಿಗೆ ಯಂತ್ರ ತಟ್ಟನೆ ನಿಂತಿತು.

ಅವಳೆದುರು ಮೊಣಕಾಲೂರಿ ಕೂತಿದ್ದವನು ಬೆಚ್ಚಿ ತಲೆಯೆತ್ತಿದ. ಕೊರಳಲ್ಲಿ ಅಳತೆ ಪಟ್ಟಿ, ಕಿವಿಯ ಮೇಲೆ ಪೆನ್ಸಿಲ್, ಉಗುರಿನ ಸುತ್ತ ಒಣಗಿದ ಅಂಟು. ಅವಳ ಎಡಪಾದ ಇನ್ನೂ ಅವನ ಅಂಗೈಗಳ ನಡುವೆಯೇ ಇತ್ತು.

"ಮೇಡಂ... ನೋವಾಯ್ತಾ?"

"ನೋವೇನಿಲ್ಲ! ನನ್ನ ಕಾಲು ಹಿಡ್ಕೊಂಡು ಪ್ರಾರ್ಥನೆ ಮಾಡ್ತಿದ್ರಿ ತಾನೇ? ಸುಳ್ಳು ಹೇಳಬೇಡಿ, ತುಟಿ ಅಲ್ಲಾಡಿದ್ದು ನೋಡಿದೆ."

"ಹೌದು, ಮಾಡ್ತಿದ್ದೆ."

ಅವಳ ಕಣ್ಣು ತುಂಬಿ ಬಂತು. ಸಿಟ್ಟಿಗೋ, ಸಂಕಟಕ್ಕೋ ಅವಳಿಗೇ ಗೊತ್ತಾಗಲಿಲ್ಲ.

ಊರಿನ ಲೈಬ್ರರಿಯಲ್ಲಿ ಕೆಲಸ ಮಾಡುವ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಲೈಬ್ರರಿ ಮೇಡಂ ಅಂತ. ನಾಲ್ಕನೇ ವಯಸ್ಸಲ್ಲಿ ಬಂದ ಕಾಯಿಲೆಯಿಂದ ಎಡಗಾಲು ಎರಡು ಬೆರಳಷ್ಟು ಗಿಡ್ಡವಾಗಿತ್ತು. ಚಿಕ್ಕಂದಿನಲ್ಲಿ ಪ್ರತಿ ಪ್ರಾರ್ಥನಾ ಕೂಟದಲ್ಲೂ ಯಾರಾದರೊಬ್ಬರು ಅವಳನ್ನು ಮುಂದೆ ಕೂರಿಸಿ ಆ ಕಾಲಿನ ಮೇಲೆ ಕೈಯಿಡುತ್ತಿದ್ದರು. ಬೆಳೆಯಲಿ, ಬೆಳೆಯಲಿ! ಎಲ್ಲರೂ ಕಣ್ಣು ಬಿಟ್ಟಾಗ ಕಾಲು ಹಾಗೇ ಇರುತ್ತಿತ್ತು. ಆಮೇಲೆ ಯಾರೋ ಮೆಲ್ಲಗೆ ಅನ್ನುತ್ತಿದ್ದರು, "ಮಗೂಗೆ ನಂಬಿಕೆ ಕಮ್ಮಿ ಅನ್ಸುತ್ತೆ."

ಹದಿನೇಳರಲ್ಲಿ ಅವಳು ಪ್ರಾರ್ಥನೆ ಮಾಡುವುದನ್ನೇ ಬಿಟ್ಟಳು. ಹನ್ನೊಂದು ವರ್ಷವಾಗಿತ್ತು. ಅಮ್ಮನ ಕಾಟಕ್ಕೆ ಚರ್ಚಿಗೆ ಹೋಗುವುದು, ಹಿಂದಿನ ಸಾಲಿನಲ್ಲಿ ಕೂರುವುದು, ಬರುವುದು... ಅಷ್ಟೇ. ಈ ಬೂಟು ಅಂಗಡಿಗೆ ಬಂದದ್ದೂ ಅಮ್ಮನ ಕಾಟಕ್ಕೇ.

"ನನ್ನ ಕಾಲಿಗೆ ಇನ್ನೊಂದು ಪ್ರಾರ್ಥನೆ ಬೇಡ," ಅಂದಳು. "ಸಾಕಾಗಿದೆ ನಂಗೆ."

"ನಿಮ್ಮ ಕಾಲಿಗೆ ಮಾಡಲಿಲ್ಲ ಮೇಡಂ..." ಅವನು ತಡವರಿಸಿದ. "ನನ್ನ ಕೈಗೆ ಮಾಡಿದ್ದು."

"ಏನು?"

"ಪ್ರತಿ ಸಲ ಮಾಡ್ತೀನಿ. ದೇವರೇ, ಈ ಕೆಲಸ ನಿಂದು, ಅಳತೆ ತಪ್ಪದ ಹಾಗೆ ನನ್ನ ಕೈ ನೋಡ್ಕೋ... ಅಷ್ಟೇ. ನಿಮ್ಮ ಕಾಲಿಗೆ ಏನಾಗಿದೆ? ಅದು ಇರೋ ಹಾಗೇ ಇದೆ. ಸರಿಹೋಗಬೇಕಾಗಿರೋದು ಶೂ."

ಅವಳು ಅವನ ಅಂಗೈಯಲ್ಲಿದ್ದ ತನ್ನ ಪಾದದ ಕಡೆ ನೋಡಿದಳು.

ಪರದೆ ಸರಿಸಿಕೊಂಡು ಅವನ ಅಕ್ಕ ಹೊರಗೆ ಬಂದಳು. ಚರ್ಮ ಕತ್ತರಿಸಿ ಹೊಲಿಯುವುದು ಅವಳ ಪಾಲು, ಅಳತೆ ಮತ್ತು ಶೂ ಅಡಿಯ ಅಟ್ಟೆ ತಮ್ಮನದು. ಇಡೀ ಅಂಗಡಿಯೆಂದರೆ ಅವರಿಬ್ಬರೇ. "ಬೇಜಾರು ಮಾಡ್ಕೋಬೇಡಮ್ಮ," ಅಂದಳು ನಗುತ್ತಾ. "ಬೈಬಲಲ್ಲಿ ನಮ್ಮ ಸ್ವಾಮಿ ಮೊಣಕಾಲೂರಿ ಶಿಷ್ಯರ ಪಾದ ತೊಳೆದ್ರು. ನಾವು ಅದೇ ಕೆಲಸಕ್ಕೆ ಅಂಗಡಿ ಹಾಕ್ಕೊಂಡಿದ್ದೀವಿ. ಇವನಿಗೆ ಅದು ಸ್ವಲ್ಪ ಜಾಸ್ತಿ ತಲೆಗೇರಿದೆ."

ಅವಳು ಪಾದವನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. "ಬೇಗ ಅಳತೆ ತಗೊಳ್ಳಿ. ಕೆಲಸಕ್ಕೆ ಹೊತ್ತಾಯ್ತು," ಅಂದಳು ಅಷ್ಟೇ.

ಹತ್ತು ದಿನದ ಮೇಲೆ ಕಪ್ಪು ಶೂ ಸಿದ್ಧವಾಯಿತು. ಎಡಗಾಲಿನದಕ್ಕೆ ಒಳಗೂ ಹೊರಗೂ ಹಂಚಿ ಎತ್ತರ ಕೊಟ್ಟಿದ್ದ. ಹತ್ತಿರ ಬಂದು ನೋಡಿದರೂ ಗೊತ್ತಾಗುವಂತಿರಲಿಲ್ಲ.

ಅವಳು ಎದ್ದು ನಿಂತಳು. ಒಂದು ಹೆಜ್ಜೆ... ಇನ್ನೊಂದು...

ಅರೇ! ಭುಜ ವಾಲುತ್ತಿಲ್ಲ!

ಬೀದಿಗಿಳಿದು ಬೇಕರಿ ದಾಟಿದಳು, ಔಷಧಿ ಅಂಗಡಿ ದಾಟಿದಳು. ಗಾಜಿನ ಬಾಗಿಲಲ್ಲಿ ಒಬ್ಬ ಹೆಂಗಸು ನೆಟ್ಟಗೆ ನಡೆದು ಬರುತ್ತಿದ್ದಳು. ಅದು ತಾನೇ ಅಂತ ತಿಳಿಯಲು ಅವಳಿಗೆ ಎರಡು ಕ್ಷಣ ಬೇಕಾಯಿತು.

ಅದಾದ ಮೇಲೆ ಶನಿವಾರದ ಮಧ್ಯಾಹ್ನಗಳು ಹೇಗೋ ಆ ಅಂಗಡಿಯ ಪಾಲಾದವು. ಮೊದಲು ಪಾಲಿಶ್ ಕೇಳಿಕೊಂಡು ಹೋದಳು. ಮುಂದಿನ ವಾರ ಅಕ್ಕನಿಗೆ ಓದಲು ಪುಸ್ತಕ ಕೊಡುವ ನೆಪ. ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ಅವಳು ಕಥೆ ಹೇಳುತ್ತಿದ್ದರೆ ದಬ್ಬಳದಲ್ಲಿ ಹೊಲಿಯುತ್ತಾ ಕೇಳುತ್ತಿದ್ದ. ನಗು ಬಂದಾಗ ಮಾತ್ರ ಹೊಲಿಗೆ ನಿಲ್ಲುತ್ತಿತ್ತು.

ಎಲ್ಲರ ಪಾದವನ್ನೂ ಅವನು ಹಾಗೇ ಹಿಡಿಯುತ್ತಿದ್ದ. ಒಡೆದ ಹಿಮ್ಮಡಿ, ಊದಿದ ಬೆರಳು, ಕೆಸರು ಮೆತ್ತಿದ ಪಾದ... ಯಾವುದಕ್ಕೂ ಅವನ ಮುಖ ಬದಲಾಗುತ್ತಿರಲಿಲ್ಲ.

'ಕರ್ಮ! ಇಪ್ಪತ್ತೆಂಟಕ್ಕೆ ನಂಗೆ ಇದು ಬೇಕಿತ್ತಾ?' ಅಂದುಕೊಂಡಳು. ಆದರೂ ಮುಂದಿನ ಶನಿವಾರ ತಲೆ ಎರಡು ಸಲ ಬಾಚಿಕೊಂಡು ಹೋದಳು.

ನೆಪಗಳೆಲ್ಲ ಮುಗಿದಾಗ ಇನ್ನೊಂದು ಜೊತೆ ಶೂ ಬೇಕು ಅಂದಳು. ಕಂದು ಬಣ್ಣದ್ದು. ಹೀಲ್ ಹೊಸ ಥರದ್ದಿರಲಿ ಅಂದಳು. ಅವನು ಮತ್ತೆ ಮೊಣಕಾಲೂರಿದ, ಮತ್ತೆ ಕಣ್ಣು ಮುಚ್ಚಿದ. ಈ ಸಲ ಪೆನ್ಸಿಲ್ ಗೆರೆ ಎಳೆಯಲು ಯಾಕೋ ತುಂಬಾ ಹೊತ್ತು ತೆಗೆದುಕೊಂಡ.

ಕಂದು ಶೂ ಹಾಕಿಕೊಂಡ ಮೂರನೇ ದಿನದಿಂದ ಅವಳಿಗೆ ಸೊಂಟ ನೋವು ಶುರುವಾಯಿತು.

ಹೇಳಲಿಲ್ಲ. ಅಷ್ಟು ಅಕ್ಕರೆಯಿಂದ ಮಾಡಿದವನಿಗೆ ಹೇಗೆ ಹೇಳುವುದು? ಹಲ್ಲು ಕಚ್ಚಿಕೊಂಡು ಒಂದು ತಿಂಗಳು ನಡೆದಳು. ಒಂದು ಶನಿವಾರ ಅಂಗಡಿಯ ಸ್ಟೂಲಿನಿಂದ ಏಳುವಾಗ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅವನು ನೋಡಿಬಿಟ್ಟ.

"ಶೂ ಬಿಚ್ಚಿ."

"ಏನಿಲ್ಲ, ಸುಮ್ನೆ..."

"ಬಿಚ್ಚಿ ಮೇಡಂ."

ಅಳೆದ, ಮತ್ತೊಮ್ಮೆ ಅಳೆದ. ಅವನ ಮುಖ ಬಿಳಿಚಿಕೊಂಡಿತು.

"ಅರ್ಧ ಬೆರಳು ಜಾಸ್ತಿ ಕೊಟ್ಟಿದ್ದೀನಿ. ಒಂದು ತಿಂಗಳಿಂದ ನೋವನ್ನೇ ಹೊಲಿದು ಕೊಟ್ಟಿದ್ದೀನಿ ನಿಮಗೆ..."

"ಅಯ್ಯೋ, ಯಾರಿಗೂ ತಪ್ಪೇ ಆಗಲ್ವಾ?"

ಅವನು ಅವಳ ಕಡೆ ನೋಡಲಿಲ್ಲ. "ಇನ್ಮೇಲೆ ನಿಮ್ಮ ಅಳತೆ ಅಕ್ಕ ತಗೋತಾಳೆ," ಅಂದು ಶೂ ಎತ್ತಿಕೊಂಡು ಒಳಗೆ ಹೋದ.

ಪರದೆ ಬಿತ್ತು.

ಅಕ್ಕ ಅಳತೆ ತೆಗೆದುಕೊಂಡಳು. ತಿದ್ದಿದ ಶೂ ಲೈಬ್ರರಿಗೇ ತಂದುಕೊಟ್ಟಳು. ಕಾಲಿಗೆ ಹೇಳಿ ಮಾಡಿಸಿದಂತೆ ಕೂತಿತು.

"ನಿಮ್ಮ ತಮ್ಮ...?" ಅಂತ ಕೇಳಿದಳು.

"ಕೆಲಸ ಜಾಸ್ತಿ ಕಣಮ್ಮ," ಅಂದ ಅಕ್ಕ ಕಿಟಕಿ ಕಡೆ ನೋಡಿದಳು.

ಮುಂದಿನ ಶನಿವಾರ ಅವಳು ಅಂಗಡಿ ಮೆಟ್ಟಿಲೇರುತ್ತಿದ್ದಂತೆ ಅವನು ಎದ್ದು ಒಳಗೆ ಹೋದ. ಅದರ ಮುಂದಿನ ಶನಿವಾರವೂ ಹಾಗೇ ಆಯಿತು.

'ಗೊತ್ತಾಯ್ತು... ನನ್ನ ಕಾಲು ನೋಡಿದ್ರೆ ಅವನಿಗೆ ತನ್ನ ತಪ್ಪು ನೆನಪಾಗುತ್ತೆ. ಇಷ್ಟೇನಾ ನಾನು?' ಮೂರನೇ ಶನಿವಾರ ಅವಳು ಹೋಗಲೇ ಇಲ್ಲ.

"ಹೊಸ ಶೂ ಹಾಕ್ಕೊಂಡು ಹಳೇ ಮುಖ ಯಾಕೆ ಇಟ್ಕೊಂಡಿದ್ದೀಯ?" ಅಮ್ಮ ತಟ್ಟೆ ಒರೆಸುತ್ತಾ ಕೇಳಿದಳು. "ಏನಿದ್ರೂ ಹೋಗಿ ಕೇಳು. ಕಾಲಿದೆ, ಬಾಯಿದೆ."

ಮುಂದಿನ ಸೋಮವಾರ ಅರ್ಧ ದಿನ ರಜೆ ಹಾಕಿದಳು. ಅಂಗಡಿಯಲ್ಲಿ ಕೈಚೀಲ ಹಿಡಿದ ಅಜ್ಜಿಯೊಬ್ಬರು ಅಳತೆಗೆ ಕಾದು ಕೂತಿದ್ದರು. ಅವಳು ನೇರವಾಗಿ ಹೋಗಿ ಸ್ಟೂಲಿನ ಮೇಲೆ ಕೂತು ಎಡಗಾಲು ಮುಂದೆ ಚಾಚಿದಳು.

"ಅಳತೆ ತಗೊಳ್ಳಿ. ಅಕ್ಕ ಬೇಡ, ನೀವೇ."

"ನನ್ನಿಂದ ಆಗಲ್ಲ ಮೇಡಂ."

"ಯಾಕೆ? ಈ ಕಾಲು ಹಿಡಿಯೋಕೆ ಅಸಹ್ಯಾನಾ?"

"ದೇವರಾಣೆ ಇಲ್ಲ!" ಅವನು ಮೊದಲ ಸಲ ದನಿಯೆತ್ತಿದ. ಮತ್ತೆ ತಗ್ಗಿಸಿದ. "ಈ ಅಂಗಡಿ ನನಗೆ ಚರ್ಚ್ ಇದ್ದ ಹಾಗೆ. ಪಾದ ಹಿಡಿದಾಗ ದೇವರ ಮುಂದೆ ನಿಂತ ಹಾಗೆ ಇರ್ತೀನಿ. ಆವತ್ತು ನಿಮ್ಮ ಪಾದ ಹಿಡಿದಾಗ... ಬಾಯಲ್ಲಿ ಪ್ರಾರ್ಥನೆ ಇತ್ತು. ಮನಸ್ಸು ಮಾತ್ರ, ಇವರು ಇನ್ನೈದು ನಿಮಿಷ ಕೂತಿರಲಿ, ಇನ್ನೈದು ನಿಮಿಷ ಅಂತಿತ್ತು. ಗೆರೆ ಎಲ್ಲಿ ಎಳೆದೆನೋ ನಂಗೇ ಗೊತ್ತಿಲ್ಲ. ನಾನು ಆಸೆಪಟ್ಟಿದ್ದಕ್ಕೆ ನಿಮ್ಮ ಸೊಂಟ ನೋಯ್ತು. ಯಾವ ಮುಖ ಇಟ್ಕೊಂಡು ಮತ್ತೆ ಅಳತೆ ತಗೊಳ್ಳಲಿ?"

ಕಾದು ಕೂತಿದ್ದ ಅಜ್ಜಿ ಕೈಚೀಲ ಕೆಳಗಿಟ್ಟರು.

"ನಾನು ಮೂರು ಸಲ ಅಳತೆ ಕೊಟ್ಟಿದ್ದೀನಪ್ಪ," ಅಂದರು ಅಜ್ಜಿ. "ನಂಗೆ ಹೀಗೆ ಯಾರೂ ಹೇಳಲಿಲ್ಲ!"

ಅಳು ನುಂಗುತ್ತಿದ್ದ ಅವಳು ಫಕ್ಕನೆ ನಕ್ಕುಬಿಟ್ಟಳು. ನಗುತ್ತಲೇ ಕಣ್ಣೀರು ಇಳಿಯಿತು.

"ಇಷ್ಟೇ ತಾನೇ? ಇದನ್ನ ಹೇಳೋದು ಬಿಟ್ಟು ಪರದೆ ಹಿಂದೆ ಬಚ್ಚಿಟ್ಕೊಂಡ್ರಾ?" ಅಂದಳು. "ಕೇಳಿ. ನನ್ನ ಕಾಲಿನ ಮೇಲೆ ಕೈಯಿಟ್ಟೋರೆಲ್ಲ ಕಾಲು ಬದಲಾಗಲಿ ಅಂದ್ರು. ನೀವೊಬ್ಬರೇ ಶೂ ಬದಲಾಯಿಸಿದ್ದು. ಮೊದಲ ದಿನ ಬೇಕರಿ ದಾಟಿ ನಡೀತಾ ಇದ್ದೆನಲ್ಲ, ನನ್ನ ಬಾಯಿಂದ ತಾನಾಗಿ ದೇವರಿಗೆ ಸ್ತೋತ್ರ ಅಂತ ಬಂತು. ಹನ್ನೊಂದು ವರ್ಷ ಆಗಿತ್ತು ರೀ, ನಾನು ದೇವರ ಜೊತೆ ಮಾತು ಬಿಟ್ಟು! ಅದು ನಿಮ್ಮ ಕೈಕೆಲಸ. ನಿಮ್ಮನ್ನ ಕೊಟ್ಟಿದ್ದಕ್ಕೆ ಅವತ್ತಿಂದ ದಿನಾ ಥ್ಯಾಂಕ್ಸ್ ಹೇಳ್ತಿದ್ದೀನಿ ಅವನಿಗೆ. ನೀವು ನೋಡಿದ್ರೆ ನನ್ನ ಮೇಲೆ ಆಸೆಪಟ್ಟಿದ್ದೇ ಪಾಪ ಅಂದ್ಕೊಂಡು ಓಡ್ತಿದ್ದೀರಾ?"

"ಪಾಪ ಅಂತ ಯಾರು ಅಂದ್ರು!"

"ಮತ್ತೇನು?"

ಉತ್ತರ ಪರದೆಯ ಕಡೆಯಿಂದ ಬಂತು.

"ಕೆಲಸದಲ್ಲಿ ಗಮನ ತಪ್ಪಿದ್ದು ತಪ್ಪು ಕಣೋ," ಅಂದಳು ಅಕ್ಕ. "ಅದನ್ನ ಬಿಚ್ಚಿ, ಊಟ ಬಿಟ್ಟು ಕೂತು ಮತ್ತೆ ಹೊಲಿದ್ಯಲ್ಲ, ಅದೂ ಆರಾಧನೇನೇ. ಆದ್ರೆ ಪ್ರೀತಿ ಬಂದಿದ್ದು ಕಳ್ಳತನ ಅಲ್ಲ. ಕೊಟ್ಟೋನಿಗೆ ಥ್ಯಾಂಕ್ಸ್ ಹೇಳಿ ತಗೋ, ದಡ್ಡ!"

ಅವನು ಮೆಲ್ಲಗೆ ಬಂದು ಮೊಣಕಾಲೂರಿದ. ಆದರೆ ಅಳತೆ ಪಟ್ಟಿ ತೆಗೆಯಲಿಲ್ಲ.

"ಮೇಡಂ... ನಂಗೆ ನೀವಂದ್ರೆ ತುಂಬಾ ಇಷ್ಟ. ನಿಮಗೆ ಒಪ್ಪಿಗೆ ಇದ್ರೆ, ನಿಮ್ಮ ಅಮ್ಮನ ಹತ್ರ ಬಂದು ಮಾತಾಡ್ತೀನಿ."

"ಯಾವಾಗ?"

"ನೀವು ಹೇಳಿದಾಗ."

"ಈಗ್ಲೇ ಬನ್ನಿ. ಅಮ್ಮ ಮನೇಲೇ ಇದ್ದಾಳೆ!"

"ಹೋಗಪ್ಪ, ಹೋಗು," ಅಂದರು ಅಜ್ಜಿ, ಕಣ್ಣೊರೆಸಿಕೊಳ್ಳುತ್ತಾ. "ನನ್ನ ಕಾಲೇನು ನಾಳೆಗೆ ಬೆಳೆದುಬಿಡಲ್ಲ."

ಅವನು ಕೈ ತೊಳೆದು ಶರ್ಟು ಬದಲಾಯಿಸಿ ಬಂದ. ಇಬ್ಬರೂ ಬೀದಿಗಿಳಿದರು. ಮಧ್ಯಾಹ್ನದ ಬಿಸಿಲು ಹಿತವಾಗಿತ್ತು. ಗಾಬರಿಗೋ ಖುಷಿಗೋ, ಅವನು ನಾಲ್ಕು ಹೆಜ್ಜೆ ಮುಂದೆ ಹೋಗಿಬಿಟ್ಟಿದ್ದ. ತಟ್ಟನೆ ನೆನಪಾಗಿ ನಿಂತ.

"ಜೋರಾಗಿ ಹೋದ್ನಾ? ನಿಧಾನ ಮಾಡ್ಲಾ?"

"ಬೇಡ. ಪಕ್ಕದಲ್ಲಿದ್ರೆ ಸಾಕು."

ಅವನು ಪಕ್ಕಕ್ಕೆ ಬಂದ. ಅವಳು ಅವನ ತೋಳಿನೊಳಗೆ ಕೈ ತೂರಿಸಿದಳು.

"ಈಗ ಸರೀನಾ ಮೇಡಂ?"

"ಹ್ಞೂಂ... ನಡಿ."

ಅವನು ತಿರುಗಿ ನೋಡಿದ. "ಏನಂದ್ರಿ?"

ಅವಳ ಕೆನ್ನೆ ಕೆಂಪಾಯಿತು. ಆದರೂ ಅವನ ಕಣ್ಣನ್ನೇ ನೋಡುತ್ತಾ ಹೇಳಿದಳು.

"ನಡಿ ಅಂದೆ ಕಣೋ."