ಮೂರನೇ ಮೊಳೆಯ ಕನ್ನಡಕ

ಚಳಿ ಇನ್ನೇನು ಬಿಡುವ ದಿನಗಳು. ಸೋಮವಾರ, ಬೆಳಿಗ್ಗೆ ಎಂಟೂವರೆ. ಅವಳು ಪ್ರಯೋಗಶಾಲೆಯ ಬಾಗಿಲಿಗೆ ಬಂದಾಗ ಮೂರನೇ ಮೊಳೆ ಖಾಲಿ ಇತ್ತು.

ಆರು ವರ್ಷದಿಂದ ಆ ಮೊಳೆಯಲ್ಲಿ ಅವಳ ಕನ್ನಡಕವೇ ನೇತಾಡುತ್ತಿತ್ತು. ಲೇಸರ್ ಬೆಳಕಿನಿಂದ ಕಣ್ಣು ಕಾಯುವ ಕಿತ್ತಳೆ ಗಾಜು, ಕಡ್ಡಿಗೆ ಅಲ್ಲಿನ ಲೇಸರ್ ಕೆಲಸ ನೋಡಿಕೊಳ್ಳುವ ಮೇಷ್ಟ್ರೇ ಸುತ್ತಿಕೊಟ್ಟ ಕೆಂಪು ದಾರ.

ಈಗ, ಮೂಲೆಯಲ್ಲಿ ಗೀರು ಬಿದ್ದ ಅದೇ ಗಾಜು, ಹೊಸದಾಗಿ ಬಂದ ಅತಿಥಿ ವಿಜ್ಞಾನಿಯ ಮೂಗಿನ ಮೇಲೆ!

"ನಾನು ಹೇಳೋವರೆಗೂ ನೀನು ಒಳಗೆ ಬರಬೇಡ," ಎಂದರು ಮೇಷ್ಟ್ರು. ಬಾಗಿಲು ಮುಚ್ಚಿತು. ಮೇಲೆ ಕೆಂಪು ದೀಪ ಹತ್ತಿಕೊಂಡಿತು.

ಬರಬೇಡವೇ...? ಹಾಗಾದರೆ ಇಷ್ಟು ದಿನ ನಾನು ಯಾರಾಗಿದ್ದೆ?

ಬೇರೆ ಗ್ರಹದ ಗಾಳಿಗೆ ಉಜ್ಜಿಕೊಂಡು ವೇಗ ಕಳೆದುಕೊಳ್ಳುವ ಬಾಹ್ಯಾಕಾಶ ನೌಕೆಯ ಸುತ್ತ ಗಾಳಿ ಕಾದು, ಪ್ಲಾಸ್ಮಾ ಆಗಿ ಹೊಳೆಯುತ್ತದೆ. ಆ ಹೊಳಪನ್ನು ಹಿಂದಿನ ಕೋಣೆಯ ಕೊಳವೆಯಲ್ಲಿ ಹುಟ್ಟಿಸಿ, ಲೇಸರ್ ಹಾಯಿಸಿ ಅದರ ಬಿಸಿ ಅಳೆಯುತ್ತಿದ್ದರು. ಮುಷ್ಟಿಗಾತ್ರದ ಮಾದರಿ ನೌಕೆಯನ್ನು ಲೇತಿನಲ್ಲಿ ಕಡೆದು ಕೊಳವೆಯೊಳಗೆ ಕೂರಿಸುವುದು ಅವಳ ಕೆಲಸ. ಅವಳು ಕೂರಿಸಿದರೆ ಕೂದಲೆಳೆಯಷ್ಟೂ ಸೊಟ್ಟ ಇರುತ್ತಿರಲಿಲ್ಲ.

ಮೂರು ದಿನ ಒಳಗಿನಿಂದ ಅತಿಥಿಯ ನಗು ಕೇಳಿಸಿತು. ಲೇತಿನ ಸದ್ದಿಗೂ ಅದು ಮುಳುಗಲಿಲ್ಲ!

ಪಕ್ಕದ ಉಗ್ರಾಣ ನೋಡಿಕೊಳ್ಳುವ ಅತ್ತಿಗೆ ಬೇರೆ ಇಣುಕಿದಳು.

"ಏನಮ್ಮಾ ನಾದಿನಿ, ಮುಖ ಊದ್ಕೊಂಡಿದೆ?"

"ಏನಿಲ್ಲ. ಹೊಟ್ಟೆ ಉರಿ."

"ತಣ್ಣೀರು ಕುಡಿ."

"ನೀರಿಗೆ ಆರೋದಲ್ಲ ಅತ್ತಿಗೆ..."

ಗುರುವಾರ ಅವಳು ಮೇಷ್ಟ್ರನ್ನು ಹೊರಗೇ ತಡೆದು ವರ್ಗಾವಣೆಯ ಅರ್ಜಿ ಚಾಚಿದಳು.

"ಸಹಿ ಹಾಕಿ. ಬೇರೆ ವಿಭಾಗಕ್ಕೆ ಹೋಗ್ತೀನಿ."

"ಯಾಕೆ?"

"ನನ್ನ ಕನ್ನಡಕ ಅವರಿಗೆ ಒಪ್ಪಿದೆಯಲ್ಲ, ನನ್ನ ಜಾಗವೂ ಒಪ್ಪುತ್ತೆ!"

ಮೇಷ್ಟ್ರು ಬೆಪ್ಪಾಗಿ ನಿಂತರು.

"ಅಯ್ಯೋ ಹುಚ್ಚಿ... ಆ ಗಾಜು ಹಸಿರು ಬೆಳಕನ್ನಷ್ಟೇ ತಡೆಯೋದು. ಅವರ ಕೆಲಸ ಮುಂದಿನ ಕೋಣೆಯ ಹಸಿರು ಲೇಸರಿನದು. ಕೊಳವೆ ಹತ್ತಿರ ಹೊಸ ಲೇಸರ್ ಬಂದಿದೆ. ಅದರ ಬೆಳಕು ಕಣ್ಣಿಗೇ ಕಾಣಲ್ಲ. ಹಳೇದನ್ನೇ ಹಾಕ್ಕೊಂಡು ನೀನು ಬಂದಿದ್ರೆ ಕಣ್ಣೇ ಹೋಗ್ತಿತ್ತು!"

"ಬಾಯಿಬಿಟ್ಟು ಹೇಳಬಾರದಿತ್ತಾ?"

"ಹೇಳಿದ್ರೆ ನೀನು 'ಅರ್ಧ ನಿಮಿಷ, ಕೂರಿಸಿ ಬರ್ತೀನಿ' ಅಂತ ನುಗ್ತಿದ್ದೆ. ಹೋದ ವರ್ಷ ಅದನ್ನೇ ಮಾಡಿದ್ದು."

ಅಷ್ಟರಲ್ಲಿ ಅತ್ತಿಗೆ ಒಂದು ಡಬ್ಬಿ ಹಿಡಿದು ಬಂದಳು. "ಅಂತೂ ಬಂತು ಮೇಷ್ಟ್ರೇ! ಚಿಕ್ಕ ಮೂಗಿಗೆ ಆಗೋದೇ ಬೇಕು ಅಂತ ಮೂರು ದಿನ ನನ್ನ ಪ್ರಾಣ ತಿಂದ್ರಿ..." ಎಂದವಳು ನಾದಿನಿಯ ಮೂಗು ನೋಡಿ, ನಗು ನುಂಗಿಕೊಂಡು ಹೊರಟುಹೋದಳು.

ಮೇಷ್ಟ್ರು ಜೇಬಿನಿಂದ ಕೆಂಪು ದಾರ ತೆಗೆದು, ಡಬ್ಬಿಯಲ್ಲಿದ್ದ ಹೊಸ ಕನ್ನಡಕದ ಕಡ್ಡಿಗೆ ಸುತ್ತತೊಡಗಿದರು.

"ಕನ್ನಡಕ ಕೊಟ್ಟೆ. ದಾರ ಕೊಟ್ಟಿರಲಿಲ್ಲ."

ಗೀರು ಕಂಡಿದ್ದ ಅವಳ ಕಣ್ಣಿಗೆ ದಾರ ಇಲ್ಲದ್ದು ಕಂಡೇ ಇರಲಿಲ್ಲ!

"ಮತ್ತೆ ಅವರು ಅಷ್ಟು ನಗ್ತಿದ್ರಲ್ಲ...?"

"ನಾನು ಕೂರಿಸಿದ ನೌಕೆ ಪರದೆ ಮೇಲೆ ದಿನಾ ಸೊಟ್ಟ ಕಾಣ್ತಿತ್ತು. ನಗದೆ ಏನು ಮಾಡ್ತಾರೆ? ನೀನಿಲ್ಲದೆ ಇಲ್ಲಿ ಏನೂ ನೆಟ್ಟಗಿರಲ್ಲ... ನಾನೂ."

ಅವಳು ಅರ್ಜಿಯನ್ನು ಮಡಚಿ ಮಡಚಿ ಚಿಕ್ಕದು ಮಾಡಿದಳು.

"ನನ್ನ ಮೊಳೆ ಇನ್ಯಾರಿಗೂ ಕೊಡಬೇಡಿ."

"ನನ್ನ ಮನೆಯಲ್ಲೂ ನಿನಗೊಂದು ಹೊಡೀಲಾ?"

"ಹೊಡೀರಿ... ನನಗೆ ಎಟುಕೋ ಹಾಗೆ."

ಅತಿಥಿ ಹೊರಟದ್ದು ಶನಿವಾರ. ಹೋಗುವ ಮುನ್ನ ಆ ಹಳೆಯ ಕನ್ನಡಕವನ್ನು ಒರೆಸಿ, ಕೆಂಪು ದಾರ ತೂಗುತ್ತಿದ್ದ ಮೂರನೆಯದನ್ನು ಬಿಟ್ಟು, ನಾಲ್ಕನೇ ಮೊಳೆಗೆ ಹಾಕಿದರು.