ಐಸ್ ಕೇಳಿದವನು

ಬಾರಿನ ಕೌಂಟರಿಗೆ ಬಂದು ಕೂತವನ ಬೆರಳುಗಳೆಲ್ಲ ಮಸಿಯಾಗಿದ್ದವು. ಬರ್ಬನ್ ವಿಸ್ಕಿಗೆ ಪೀಪಾಯಿ ಮಾಡುವವರ ಕೈ ಹಾಗೇ ಇರುತ್ತದೆ; ಓಕ್ ಮರದ ಒಳಮೈ ಸುಟ್ಟೂ ಸುಟ್ಟೂ ಕರಿ ಉಗುರಿನೊಳಗೆ ಇಳಿದುಬಿಡುತ್ತದೆ. ಬಾರ್ಡ್ಸ್‌ಟೌನಿನಲ್ಲಿ ಹುಟ್ಟಿ ಬೆಳೆದು, ಕೌಂಟರಿನ ಹಿಂದೆ ನಿಂತಿದ್ದ ಕೊರೀನ್ ಮ್ಯಾಟಿಂಗ್ಲಿಗೆ ಅಂಥ ಕೈ ಹೊಸದಲ್ಲ. ಅವನು ಕೇಳಿದ್ದು ಮಾತ್ರ ಹೊಸದು.

“ಲೋಟದ ತುಂಬ ಐಸ್. ಬರ್ಬನ್ ಸ್ವಲ್ಪ. ಉಳಿದಿದ್ದು ಜಿಂಜರ್ ಏಲ್ ಸೋಡಾ.”

“ಬರ್ಬನ್ ಯಾಕೆ ದಂಡ? ಬಾಟಲಿ ತೋರಿಸಿದ್ರೆ ಸಾಕಲ್ವಾ?”

“ತೋರಿಸೋರು ನೀವಾದ್ರೆ ಸಾಕು.”

ನಗು ಕಾಣದಿರಲೆಂದು ಅವಳು ಬೆನ್ನು ತಿರುಗಿಸಿದಳು. ಬಾಟಲಿಗಳ ಹಿಂದೆ ಕನ್ನಡಿ ಇರುವುದು ಮರೆತೇಹೋಗಿತ್ತು. ಕನ್ನಡಿಯಲ್ಲಿ ಅವನ ಕಣ್ಣು ಅವಳ ನಗುವನ್ನು ಹಿಡಿದುಕೊಂಡು ಕೂತಿತ್ತು.

ಅವನ ಹೆಸರು ರಾಯ್ಸ್ ಟ್ಯಾಕೆಟ್. ಆಮೇಲೆ ಶುಕ್ರವಾರ ತಪ್ಪಿಸಲಿಲ್ಲ. ಚಳಿಗಾಲ ಕಳೆಯುವಷ್ಟರಲ್ಲಿ ಕೊರೀನ್ ಬಾಗಿಲ ಸದ್ದಿಗೆಲ್ಲ ತಲೆ ಎತ್ತುವಂತಾಗಿದ್ದಳು.

“ಬಂತು ನಿಮ್ಮ ಸ್ನಾನದ ನೀರು,” ಎಂದು ಲೋಟ ಇಡುವಳು.

“ಬಿಸಿ ಸಾಲದು,” ಎನ್ನುವನು ಅವನು, ಅವಳ ಬೆರಳು ಲೋಟ ಬಿಡುವ ಮೊದಲೇ ಹಿಡಿದುಕೊಳ್ಳುತ್ತ.

ಯಾಕೆ ಹಾಗೆ ಕುಡಿಯುತ್ತಾನೆಂದು ಅವಳು ಒಮ್ಮೆಯೂ ಕೇಳಲಿಲ್ಲ. ಕೀಟಲೆಗೆ ಅದು ಬೇಕಿತ್ತು, ಅಷ್ಟೆ.

ಅವಳ ಅಪ್ಪ ಲಿಯೋ ಇಡೀ ಜೀವಮಾನ ಬರ್ಬನ್ ಗೋದಾಮು ನೋಡಿಕೊಂಡವರು. ಸಣ್ಣ ಗ್ಲಾಸಿನಲ್ಲಿ, ಏನೂ ಬೆರೆಸದೆ ಕುಡಿಯುವರು. “ವರ್ಷಗಟ್ಟಲೆ ಬಿಸಿಲು ಚಳಿ ತಿಂದು ಪಕ್ವ ಆದದ್ದನ್ನ ಒಂದು ನಿಮಿಷದಲ್ಲಿ ನೀರು ಮಾಡೋರಿಗೆ ಏನು ಹೇಳೋಣ,” ಎನ್ನುವರು. ಆ ಮನೆಯಲ್ಲಿ ಅದೇ ವೇದವಾಕ್ಯ. ಅಮ್ಮ ಕೆಮ್ಮಿಗೆಂದು ಬಿಸಿನೀರು, ಜೇನು ಹಾಕಿಕೊಳ್ಳುತ್ತಿದ್ದುದು, ಅಣ್ಣ ಗ್ರೇಡಿ ಹಿತ್ತಲಲ್ಲಿ ಕೋಲಾ ಬೆರೆಸುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

ಮೇ ತಿಂಗಳ ಡರ್ಬಿ ಕುದುರೆ ರೇಸಿನ ದಿನ ಕೊರೀನ್ ರಾಯ್ಸನನ್ನು ಊಟಕ್ಕೆ ಕರೆದಳು. ಮನೆ ತುಂಬ ನೆಂಟರು. ರೇಸು ಮುಗಿದ ಮೇಲೆ ಲಿಯೋ ತಾವೇ ಆರಿಸಿದ ಪೀಪಾಯಿಯ ಬಾಟಲಿ ತೆಗೆದು, ಒಂದು ಗ್ಲಾಸು ತುಂಬಿ ರಾಯ್ಸನ ಮುಂದಿಟ್ಟರು. ಹುಡುಗ ಒಪ್ಪಿಗೆ ಎಂದು ಹೇಳುವ ರೀತಿ ಅದು.

ರಾಯ್ಸ್ ಗ್ಲಾಸನ್ನೇ ನೋಡಿದ. “ತಪ್ಪು ತಿಳ್ಕೋಬೇಡಿ ಸಾರ್, ಒಂಚೂರು ಐಸ್ ಸಿಗುತ್ತಾ?”

ನೆಂಟರೆಲ್ಲ ಲಿಯೋ ಕಡೆ ತಿರುಗಿದರು. ಲಿಯೋ ಕುರ್ಚಿಯ ಕೈ ಹಿಡಿದು ಎದ್ದರು. ಅಪ್ಪನಿಗೆ ಸಿಟ್ಟು ಬಂತೆಂದುಕೊಂಡಳು ಕೊರೀನ್. ಮಾನ ಉಳಿಸಿಕೊಳ್ಳುವ ಆತುರದಲ್ಲಿ ನಾಲಗೆ ಮುಂದೆ ಓಡಿತು.

“ಹಾಲು ಕೊಡಪ್ಪ ಅವನಿಗೆ. ಇನ್ನೂ ಬಾಟಲಿ ಬಿಟ್ಟಿಲ್ಲ ಪಾಪು.”

ಮನೆಯೆಲ್ಲ ಘೊಳ್ಳೆಂದು ನಕ್ಕಿತು. ರಾಯ್ಸ್ ಅವಳತ್ತ ನೋಡಿದ. ಸಿಟ್ಟಿನ ನೋಟವಲ್ಲ, ಪರಿಚಯದವರೆಂದು ಕೂಗಿದ ಮೇಲೆ, ಯಾರೋ ಬೇರೆಯವರೆಂದು ತಿಳಿದಾಗ ನೋಡುತ್ತೇವಲ್ಲ, ಹಾಗೆ. ಅವಳ ಅಮ್ಮನಿಗೆ ಊಟ ಚೆನ್ನಾಗಿತ್ತೆಂದು ಹೇಳಿ ಹೊರಟುಹೋದ.

ಅವನೇ ಬರಲಿ ಎಂದು ಅವಳು ಹಟ ಹಿಡಿದಳು. ಅವನು ಬರಲಿಲ್ಲ. ಮಿಸೌರಿಯಲ್ಲಿ ಕೆಲಸ ಸಿಕ್ಕಿ ಹೋದನೆಂದು ಯಾರೋ ಅಂದರು.

ಮರುವರ್ಷ, ಮಾಂಸ ಬಿಡುವ ಲೆಂಟ್ ಉಪವಾಸದ ದಿನಗಳಲ್ಲಿ, ಚರ್ಚಿನ ಮೀನೂಟದ ಸಾಲಿನಲ್ಲಿ ಅವನ ಚಿಕ್ಕಮ್ಮ ಓಪಲ್ ಸಿಕ್ಕಳು. ರಾಯ್ಸನ ಮಾತು ಬಂತು.

“ಅವರಪ್ಪ ಬಾಟಲಿಗೇ ಬಾಯಿ ಹಚ್ತಿದ್ದ ಕಣಮ್ಮ,” ಎಂದಳು ಓಪಲ್. “ಕುಡಿದು ನಮ್ಮಕ್ಕನ ಕೈ ಮುರಿದಾಗ ಈ ಹುಡುಗ ಅಲ್ಲೇ ಇದ್ದ. ಕುಡಿಯೋದೇ ಆದ್ರೆ ನೀರು ಮಾಡ್ಕೊಂಡು ಕುಡಿ ಮಗನೇ ಅಂತ ಅವಳು ಮಾತು ತಗೊಂಡಿದ್ಲು. ಅವನಿಗೆ ತನ್ನ ರಕ್ತದ್ದೇ ಭಯ.”

ಕೊರೀನ್ ಸಾಲಿನಿಂದ ಪಕ್ಕಕ್ಕೆ ಸರಿದಳು. “ಅವನ ಫೋನ್ ನಂಬರ್ ಇದೆಯಾ ಆಂಟಿ?”

“ಇದೆ. ಮುಂದಿನ ತಿಂಗಳು ಮದುವೆ ಅವನಿಗೆ. ಕೊಡ್ಲಾ?”

“ಬೇಡ ಬಿಡಿ.”

ಬೇರೆ ಗಂಡುಗಳು ಬಂದರು, ಹೋದರು. ಕೊರೀನ್ ಬಾರ್ ನಡೆಸಿದಳು, ಅಮ್ಮನನ್ನು ಮಣ್ಣು ಮಾಡಿದಳು, ಅಪ್ಪನನ್ನು ನೋಡಿಕೊಂಡಳು. ಕೊನೆಯ ವರ್ಷಗಳಲ್ಲಿ ಲಿಯೋ ಒಂದು ಸಂಜೆ, “ಎರಡು ತುಂಡು ಐಸ್ ಹಾಕು ಮಗಳೇ, ಗಂಟಲು ಉರಿಯುತ್ತೆ,” ಎಂದರು. ಯಾರೂ ನಗಲಿಲ್ಲ. ಅವಳು ಐಸ್ ಹಾಕಿಕೊಟ್ಟು, ಅಡುಗೆಮನೆಯ ನಲ್ಲಿ ತಿರುಗಿಸಿ, ನೀರು ಹರಿಯುವುದನ್ನು ನೋಡುತ್ತ ನಿಂತಳು.

ಅಪ್ಪನ ಅಂತ್ಯಕ್ರಿಯೆ ಮುಗಿದು ಜನ ಮನೆಯಲ್ಲಿ ಊಟಕ್ಕೆ ಸೇರಿದ್ದಾಗ ರಾಯ್ಸ್ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಇಬ್ಬರೂ ಹಿಂದಿನ ಜಗಲಿಗೆ ಹೋದರು.

“ಇಷ್ಟು ದೂರ ಬಂದೆ,” ಎಂದಳು. “ನಮ್ಮಪ್ಪ ನಿನಗೆ ಅಷ್ಟೇನೂ ಒಳ್ಳೇದು ಮಾಡಿರಲಿಲ್ಲ.”

“ಮಾಡಿದ್ರು. ಅವತ್ತು ಐಸ್ ತರೋಕೇ ಎದ್ದಿದ್ದು ಅವರು. ‘ಇರಪ್ಪ, ಒಳಗಿದೆ, ತರ್ತೀನಿ’ ಅಂದ್ರು. ಆ ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ.”

ಅವಳು ಜಗಲಿಯ ಕಂಬ ಹಿಡಿದುಕೊಂಡಳು.

“ನಿಮ್ಮಪ್ಪನ ವಿಷಯ ನನಗೆ ಯಾಕೆ ಹೇಳಲಿಲ್ಲ ರಾಯ್ಸ್?”

“ಕೇಳಿದ್ದಿದ್ರೆ ಹೇಳ್ತಿದ್ದೆ.”

“ನಿನ್ನ ಮೇಲೆ ಪ್ರಾಣ ಇಟ್ಕೊಂಡಿದ್ದೆ. ಅದನ್ನೂ ಹೇಳಲಿಲ್ಲ ನಾನು.”

“ಗೊತ್ತಿತ್ತು.” ಅವನ ದನಿ ಮೆತ್ತಗಿತ್ತು. “ಅದಕ್ಕೇ ಅಷ್ಟು ನೋವಾಗಿದ್ದು.”

ಅವನ ಕಣ್ಣು ಒಂದು ಕ್ಷಣ ಅವಳ ಮುಖದ ಮೇಲೆಲ್ಲ ಓಡಾಡಿತು, ಏನನ್ನೋ ಬಿಟ್ಟುಹೋಗುತ್ತಿಲ್ಲವಷ್ಟೆ ಎಂದು ನೋಡುವವನ ಹಾಗೆ. ಆಮೇಲೆ ಟೋಪಿ ಎತ್ತಿಕೊಂಡ. “ಹೊರಡ್ತೀನಿ ಕೊರೀನ್. ಮನೇಲಿ ಕಾಯ್ತಿರ್ತಾಳೆ.”

“ಹೋಗಿ ಬಾ. ಅವಳಿಗೆ... ಚೆನ್ನಾಗಿರ್ಲಿ ಅವಳು.”

ಅವನ ಕಾರು ತಿರುವು ದಾಟುವವರೆಗೆ ನಿಂತು, ಅವಳು ಒಳಗೆ ಬಂದಳು. ಗ್ರೇಡಿ ತಟ್ಟೆಯಿಂದ ತಲೆ ಎತ್ತಿದ.

“ಯಾರದು? ಅಪ್ಪನ ಜೊತೆ ಕೆಲಸ ಮಾಡ್ತಿದ್ದವನಾ?”

ಸುತ್ತ ನೆಂಟರೆಲ್ಲ ಇದ್ದರು. ಅವಳು ದನಿ ತಗ್ಗಿಸಲಿಲ್ಲ.

“ನಾನು ಮದುವೆ ಆಗಬೇಕಾಗಿದ್ದವನು,” ಎಂದಳು.

ಗ್ರೇಡಿ ಎದ್ದು ತನ್ನ ಕುರ್ಚಿಯನ್ನೇ ಅವಳ ಹತ್ತಿರ ತಂದಿಟ್ಟ. ಬೆಳಗಿನಿಂದ ಅಪ್ಪನಿಗಾಗಿಯೂ ಅಳದವಳು, ಅದರಲ್ಲಿ ಕೂತು ಎಲ್ಲರೆದುರೇ ಅತ್ತಳು.